ಚಿನ್ನಯ್ಯನ ಗಾಡಿಗೆ ಎರಡು ಕಬ್ಬಿಣದ ತೋಳು

ಕೊಂಡ್ಲಹಳ್ಳಿಯ ಚಿನ್ನಯ್ಯ ಗಾಡಿ ಓಡಿಸುವಾಗಲೂ ನಡೆಯುತ್ತಲೇ ಇರುತ್ತಾನೆ ಅಂತ ಅವನ ಮಗಳು ತೇಜಶ್ರೀ ಹೇಳುತ್ತಾಳೆ. ಸುಳ್ಳಲ್ಲ. ಇಪ್ಪತ್ತೈದು ವರ್ಷ ಕುರಿಗಳ ಹಿಂದೆ ನಡೆದವನು ಅವನು. ಮಳೆಗಾಲ ಮುಗಿದರೆ ಅಪ್ಪನ ಜೊತೆ ಆಂಧ್ರದ ಕಡೆ ಇಳಿದು, ಕೊಯ್ದ ಹೊಲಗಳಲ್ಲಿ ಮಂದೆ ಹಾಕಿ, ಕುರಿಗಳ ಉಸಿರು ಕೇಳುತ್ತಾ ನಿದ್ದೆಹೋದವನು. ಮಂಡಿ ಸವೆದ ಮೇಲೆ ಕುರಿ ಮಾರಿ ಹಳೆಯದೊಂದು ಪಿಕಪ್ ಕೊಂಡ. ವಲಸೆ ಹೊರಟವರ ಮರಿಗಳು, ಗಬ್ಬದ ಕುರಿಗಳು, ಬಲೆ, ಪಾತ್ರೆಗಳನ್ನು ಮುಂದಿನ ಬೀಡಿಗೆ ಮುಟ್ಟಿಸುವುದು ಈಗ ಅವನ ಕೆಲಸ. ಕಣ್ಣು ದಾರಿಯ ಮೇಲಿದ್ದರೂ ಮನಸ್ಸು ಮಾತ್ರ ಪಕ್ಕದ ಕಾವಲಿನ ಹುಲ್ಲಿನಲ್ಲಿ ಮೇಯುತ್ತಾ ಹೋಗುತ್ತದೆ.

ಸಿದ್ದಾಪುರದ ಆಚೆ ಗುಡ್ಡದ ಸಂದಿಯಲ್ಲಿ ಒಂದು ಬಂಡೆ ಏರು. ಅಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಗಾಲಿಗಳು ನೆಲ ಕಚ್ಚದೆ ದಡದಡ ಕುಣಿಯುತ್ತಿದ್ದವು. ಒಂದು ದಿನ ವಲಸೆ ಹೊರಟ ಕುರಿಗಾರ ಬೋರಣ್ಣನ ಗಬ್ಬದ ಕುರಿಯೊಂದು ಆ ಕುಣಿತಕ್ಕೆ ಮುಗ್ಗರಿಸಿ ತುಟಿ ಒಡೆದುಕೊಂಡಿತು. ಬೋರಣ್ಣ ಟವಲಿನ ಚುಂಗಿನಿಂದ ರಕ್ತ ಒರೆಸಿದ. ಬೈದಿದ್ದರೂ ಚಿನ್ನಯ್ಯನಿಗೆ ಅಷ್ಟು ನೋಯುತ್ತಿರಲಿಲ್ಲ.

ಚಳ್ಳಕೆರೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಮಾರುತೇಶ ಗಾಡಿಯ ಕೆಳಗೆ ನುಸುಳಿ ನೋಡಿದ.

"ಜೋರಾಗಿ ಎಳೆದಾಗ ಹಿಂದಿನ ಗಾಲಿ ಆಕ್ಸಲ್ ತಿರುಚ್ಕೊಂತೈತೆ, ಚಿನ್ನಯ್ಯಣ್ಣ. ಅದರ ಜೊತೆ ಸ್ಪ್ರಿಂಗ್ ಪಟ್ಟಿನೂ ಬಳುಕಿ, ಪಟ್ ಅಂತ ವಾಪಸ್ ಬರ್ತೈತೆ. ಅದಕ್ಕೇ ಗಾಲಿ ಕುಣಿಯೋದು. ಆಕ್ಸಲ್‌ನಿಂದ ಚಾಸಿಗೆ ಆ ಕಡೆಗೊಂದು ಈ ಕಡೆಗೊಂದು ಗಟ್ಟಿ ಪೈಪ್ ಕೊಟ್ರೆ ತಿರುಚಲ್ಲ. ನಾನೇ ಮಾಡ್ಕೊಡ್ತೀನಿ ಬಿಡ್ರಿ."

"ಆಮೇಲೆ ಪಟ್ಟಿ ಮೊದಲಿನಂಗೆ ಆಡ್ತೈತಾ?"

"ಸ್ವಲ್ಪ ಬಿಗಿ ಆಗ್ತೈತೆ."

ಬಿಗಿ ಅನ್ನುವ ಆ ಮಾತು ಚಿನ್ನಯ್ಯನನ್ನು ಬಿಡಲಿಲ್ಲ. ಮಧ್ಯಾಹ್ನದ ಹೊತ್ತು ಬೇವಿನ ನೆರಳಲ್ಲಿ ಗಾಡಿ ನಿಲ್ಲಿಸಿ ಅದರ ಕೆಳಗೆ ಚಾಪೆ ಹಾಕಿಕೊಂಡು ಮಲಗುತ್ತಿದ್ದ. ಒಂದರ ಮೇಲೊಂದು ಕೂತ ಪಟ್ಟಿಗಳು ಮೆಲ್ಲಗೆ ಬಾಗಿದ್ದವು. ಅರೆನಿದ್ದೆಯಲ್ಲಿ ಅದು ಅಪ್ಪನ ಬೆನ್ನಿನಂತೆ ಕಾಣುತ್ತಿತ್ತು. ಹುಟ್ಟಿದ ಮರಿಯನ್ನು ಎತ್ತಿಕೊಳ್ಳಲು ಬಾಗಿದ ಬೆನ್ನು. ಅದನ್ನು ಕಬ್ಬಿಣ ಕಟ್ಟಿ ನೆಟ್ಟಗೆ ನಿಲ್ಲಿಸಿದರೆ ಮರಿಯನ್ನು ಎತ್ತುವವರು ಯಾರು? ಎಚ್ಚರವಾದಾಗ ಎದೆಯ ಮೇಲೆ ಬೇವಿನೆಲೆ ಹಾರಿಬಂದು ಬಿದ್ದಿರುತ್ತಿದ್ದವು, ತೀರ್ಮಾನ ಮಾತ್ರ ಆಗಿರುತ್ತಿರಲಿಲ್ಲ.

"ಅಪ್ಪಾ, ತಿಂಗಳಾತು. ಹಾಕಿಸ್ತೀಯೋ ಇಲ್ವೋ?" ಎಂದಳು ತೇಜಶ್ರೀ.

"ಕುರೀನ ಕೇಳ್ಬೇಕು ಕಣವ್ವ."

ಅವಳು ನಕ್ಕಳು. ಅವನು ನಗಲಿಲ್ಲ. ಮರುದಿನ ಬೆಳಿಗ್ಗೆ ಬೋರಣ್ಣನ ಹನ್ನೊಂದು ಕುರಿ ಹತ್ತಿಸಿ, ಕೀಲಿಯನ್ನು ಅವಳ ಕೈಗಿಟ್ಟ. ಆ ವರ್ಷವೇ ಅವಳಿಗೆ ಲೈಸೆನ್ಸ್ ಬಂದಿತ್ತು.

"ನೀನು ಓಡ್ಸು. ನಾನು ಹಿಂದೆ ನಿಂತ್ಕೊಂತೀನಿ."

ಮಂಜು ಇನ್ನೂ ಗುಡ್ಡ ಬಿಟ್ಟಿರಲಿಲ್ಲ. ಕುರಿಗಳ ಬೆಚ್ಚನೆಯ ಮೈ ಸುತ್ತಲೂ ಒತ್ತಿದಾಗ, ಬಂಡೆಗಳು ತಾವೇ ಮಂದೆಯಾಗಿ ಹಿಂದಕ್ಕೆ ಹರಿದು ಹೋಗುತ್ತಿರುವಂತೆ ಅವನಿಗೆ ತೋರಿತು. ಏರು ಬಂತು. ಗಾಲಿ ಕುಣಿಯಿತು. ಅಂಗಾಲಿನಿಂದ ಹಲ್ಲಿನವರೆಗೆ ನಡುಕ ಹತ್ತಿ ಅವನು ಸೀದಾ ಪಕ್ಕದ ಹಲಗೆಗೆ ಹೋಗಿ ಬಡಿದುಕೊಂಡ. ಇಷ್ಟು ದಿನ ಸೀಟಿನ ಮೇಲೆ ಕೂತು ತಾನು ಸದ್ದನ್ನಷ್ಟೇ ಕೇಳಿದ್ದೆ ಅಂತ ಆಗ ಹೊಳೆಯಿತು. ಕುರಿಗಳು ಕಾಲು ಅಗಲಿಸಿ ಕಣ್ಣು ಮುಚ್ಚಿದ್ದವು. ಏರಿಗೆ ಮೊದಲು ಸಣ್ಣ ಕಲ್ಲುಗಳ ಮೇಲೆ ಗಾಡಿ ತೂಗಿದಾಗ ಅವು ಹಾಗೆ ಮಾಡಿರಲಿಲ್ಲ. ಗಾಡಿಯ ಜೊತೆ ತಾವೂ ತೂಗಿದ್ದವು.

"ಇಳೀತೀಯಾ ಅಪ್ಪಾ?" ಮಗಳು ಗಾಬರಿಯಿಂದ ಕೂಗಿದಳು.

"ಬೇಡ ಬೇಡ, ಹೊಡಿ. ಗೊತ್ತಾತು."

ಅವತ್ತೇ ಚಳ್ಳಕೆರೆಗೆ ಹೋಗಿ ಮಾರುತೇಶನಿಗೆ ಹೇಳಿದ: "ಪೈಪ್ ಹಾಕು. ಆದ್ರೆ ಆಕ್ಸಲ್‌ಗೆ ವೆಲ್ಡಿಂಗ್ ಬೆಂಕಿ ಮುಟ್ಟಿಸ್ಬೇಡ, ಕ್ಲಾಂಪ್ ಹಾಕಿ ಬಿಗಿ. ಮುಂದಿನ ತುದಿ ಬಾಗಿಲ ತಿರುಗಣಿ ತರ ಆಡ್ಬೇಕು. ತಿರುಚಬಾರ್ದು, ಆದ್ರೆ ತೂಗ್ಬೇಕು."

"ಎರಡೂ ಹೆಂಗಾಗ್ತೈತಣ್ಣ?" ಮಾರುತೇಶ ತಲೆ ಕೆರೆದುಕೊಂಡ. ಪೈಪಿನ ಮೊದಲ ಜೋಡಿ ಆಡದೆ ಕಚ್ಚಿಕೊಂಡಿತು. ಅದನ್ನು ಬಿಚ್ಚಿ, ಇನ್ನೊಂದು ಜೋಡಿಯ ಮುಂದಿನ ತುದಿಯನ್ನು ಗಿಡ್ಡ ಕೊಂಡಿಯೊಂದಕ್ಕೆ ತೂಗುಬಿಟ್ಟು ಮತ್ತೆ ಕಟ್ಟಿದ. ಎರಡನೇ ಜೋಡಿ ತಿರುಚಲೂ ಇಲ್ಲ, ಕಚ್ಚಲೂ ಇಲ್ಲ.

ಮುಂದಿನ ಸಲ ಬಂಡೆ ಏರನ್ನು ಗಾಡಿ ಸಣ್ಣಗೆ ಗುನುಗುತ್ತಾ ಹತ್ತಿತು. ಆಗಲೂ ಚಿನ್ನಯ್ಯ ಹಿಂದೆಯೇ ನಿಂತಿದ್ದ. ತುದಿಯಲ್ಲಿ ತೇಜಶ್ರೀ ಗಾಡಿ ನಿಲ್ಲಿಸಿ, "ಬಾರಪ್ಪಾ, ಇನ್ನು ನೀನೇ ಓಡ್ಸು" ಎಂದಳು. ಅವನು ಕುರಿಯೊಂದರ ಕಿವಿ ಸವರುತ್ತಾ, "ನಡಿಯವ್ವ, ನಾ ಇಲ್ಲೇ ಇರ್ತೀನಿ" ಎಂದ. ಅವಳಿಗೆ ರಜೆಯಿರುವ ಭಾನುವಾರದ ಬಾಡಿಗೆಗಳಿಗೆ ಈಗ ಅವಳದೇ ಸ್ಟೀರಿಂಗ್. ಅವನು ಹಿಂದೆ ಕುರಿಗಳ ನಡುವೆ ನಿಂತು, ಅವುಗಳ ಹಾಗೆಯೇ ಗಾಳಿಗೆ ಮುಖ ಕೊಟ್ಟು ಹೋಗುತ್ತಾನೆ.