ಒಲೆಗುಂಡಾದ ಕಲ್ಲು

ಕಲ್ಲಿನ ಒಂದು ತುದಿಯಲ್ಲಿ, ಹೆಬ್ಬೆರಳ ಉಗುರಿನಷ್ಟು ಅಗಲಕ್ಕೆ, ಮಸಿ ಹತ್ತಿತ್ತು. ಅದರ ಪಕ್ಕದಲ್ಲೇ ನಾನು ಬಿಳಿ ಬಣ್ಣದಲ್ಲಿ ಒಂದು ಬಾಣ ಬರೆದೆ. ತುದಿ ಮಸಿಯ ಕಡೆಗೆ. ಬಾಣದ ಅರ್ಥ ಇಷ್ಟೇ: ಈ ಕಡೆ ಮೇಲು.

ಆಗ ನಾನು ಆಸ್ಟಿನ್‌ನಲ್ಲಿ ಭೂವಿಜ್ಞಾನದ ಎಂ.ಎಸ್. ಎರಡನೆಯ ವರ್ಷದಲ್ಲಿದ್ದೆ. ಕಲ್ಲು ಆ ಊರಿನ ಪಶ್ಚಿಮಕ್ಕಿದ್ದ ಒಂದು ಹಳ್ಳದ್ದು. ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ಗಾತ್ರದ ಸುಣ್ಣಕಲ್ಲು. ಅದರ ಪಕ್ಕದ ಮುಖದಲ್ಲಿ, ಒಂದರೊಳಗೊಂದು ಕೂರಿಸಿದ ಬಟ್ಟಲುಗಳ ಹಾಗೆ, ಬಾಗಿದ ಗೆರೆಗಳು. ಗೆರೆಗಳ ಸಾಲಿನ ಒಂದು ಕೊನೆಗೆ ಒಂದು ದುಂಡನೆಯ ಬಿಲ. ಎಂದೋ ಕಡಲ ತಳದ ಕೆಸರಿನಲ್ಲಿದ್ದ ಪ್ರಾಣಿಯೊಂದು ಅದನ್ನು ಕೊರೆದಿತ್ತು. ಹುಳುವೋ ಸಿಗಡಿಯೋ ಗೊತ್ತಿಲ್ಲ. ಅದರ ಮೈಯ ಚೂರೂ ಉಳಿದಿಲ್ಲ. ಇಂಥದ್ದನ್ನು ಜಾಡಿನ ಪಳೆಯುಳಿಕೆ ಎನ್ನುತ್ತೇವೆ. ಮೂಳೆ, ಚಿಪ್ಪುಗಳು ಪ್ರಾಣಿ ಯಾವುದೆಂದು ಹೇಳುತ್ತವೆ. ಜಾಡು, ಅದು ಬದುಕಿದ್ದಾಗ ಏನು ಮಾಡುತ್ತಿತ್ತೆಂದು ಹೇಳುತ್ತದೆ. ನನ್ನನ್ನು ಈ ವಿಷಯಕ್ಕೆ ಎಳೆದದ್ದು ಆ ಎರಡನೆಯದೇ.

ಒಂದೊಂದು ಗೆರೆಯೂ ಪ್ರಾಣಿ ಬಿಟ್ಟುಬಂದ ಒಂದೊಂದು ಬಿಲ. ಕೊನೆಯ ಬಿಲ ಗೆರೆಗಳ ಮೇಲಿದ್ದರೆ ಅದು ಮೇಲಕ್ಕೆ ಸರಿಯುತ್ತಿತ್ತು, ಅಂದರೆ ತಲೆಯ ಮೇಲೆ ಕೆಸರು ಬೀಳುತ್ತಿತ್ತು. ಕೆಳಗಿದ್ದರೆ ಅದು ಕೆಳಕ್ಕೆ ಇಳಿಯುತ್ತಿತ್ತು, ಬಹುಶಃ ಆಹಾರ ಹುಡುಕಿಕೊಂಡು. ಕಲ್ಲನ್ನು ತಲೆಕೆಳಗು ಮಾಡಿದರೆ ಕಥೆಯೂ ತಲೆಕೆಳಗು. ಅದಕ್ಕೇ ನಮ್ಮ ಪ್ರೊಫೆಸರ್ ಮೊದಲ ದಿನವೇ ಹೇಳಿದ್ದರು: ಬಾಣ ಮೊದಲು, ಹಾರೆ ಆಮೇಲೆ.

ಆ ಭಾನುವಾರ ನಾನು ಹಾರೆ ಮೊದಲು ಹಾಕಿದೆ. ಕಲ್ಲು ಪದರದಿಂದ ಬಿಟ್ಟುಕೊಂಡ ಹೊತ್ತಿಗೆ ರಸ್ತೆಯಲ್ಲಿ ಹಾರ್ನ್ ಕೇಳಿಸಿತು. ಡಲ್ಲಾಸ್‌ನ ಡಾಕ್ಟರ್ ದಂಪತಿ ಬಂದಿದ್ದರು. ಧಾರವಾಡದ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಆ ದೇಶದಲ್ಲಿ ನನ್ನನ್ನು ಊಟಕ್ಕೆ ಕರೆಯುತ್ತಿದ್ದ ಒಂದೇ ಮನೆಯವರು. ನನಗೆ ಬಿಡುವಿಲ್ಲವೆಂದಾಗ, ಹಾಗಾದರೆ ಹಳ್ಳಕ್ಕೇ ಬಂದು ಅಡುಗೆ ಮಾಡುತ್ತೇವೆ ಎಂದಿದ್ದರು. ಕಲ್ಲನ್ನು ಇದ್ದಂತೆಯೇ ಬಿಟ್ಟು, ಡಾಕ್ಟರ ಜೊತೆ ಸಾಮಾನು ಇಳಿಸಲು ರಸ್ತೆಗೆ ಹತ್ತಿದೆ. ಅವರ ಹೆಂಡತಿ ಅಷ್ಟರಲ್ಲಿ ಹಳ್ಳಕ್ಕೆ ಇಳಿದಿದ್ದರು. ನಾವು ವಾಪಸ್ ಬಂದಾಗ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಮೂರನೆಯದು ನನ್ನ ಕಲ್ಲು.

"ಕಲ್ಲಿಗೇನೂ ಬರ ಇಲ್ಲ ಇಲ್ಲಿ, ಆದ್ರ ಎತ್ತರ ಸರಿ ಇರೋದು ಇದೊಂದ ನೋಡ್ರಿ," ಎಂದರು ಡಾಕ್ಟರ ಹೆಂಡತಿ, ರವೆ ಹುರಿಯುತ್ತ.

 ಯಾವ ಕಡೆ ಮೇಲಿಟ್ಟಿರಿ ಎಂದು ಕೇಳಬಹುದಿತ್ತು. ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದು ನನಗಾಗಿ ಉಪ್ಪಿಟ್ಟು ಮಾಡುತ್ತಿದ್ದವರನ್ನು ವಿಚಾರಣೆ ಮಾಡಿದಂತಾಗುತ್ತದೆ ಅನ್ನಿಸಿತು. ಕಲ್ಲು ಎತ್ತಿದವರು ಅದು ಇದ್ದ ಹಾಗೆಯೇ ಇಟ್ಟಿರುತ್ತಾರೆ ಎಂದುಕೊಂಡೆ. ಎರಡು ಸಲ ಹಾಕಿಸಿಕೊಂಡು ತಿಂದೆ. ಅವರು ಹೊರಟ ಮೇಲೆ, ಕಲ್ಲು ಆರುವವರೆಗೆ ಕಾದು, ಮಸಿ ಹತ್ತಿದ ತುದಿಯ ಕಡೆಗೆ ಬಾಣ ಬರೆದೆ.

ಗೆರೆಗಳನ್ನು ಎಣಿಸಬೇಕಾದರೆ ಕಲ್ಲನ್ನು ಕೊಯ್ಯಬೇಕಿತ್ತು, ಅಷ್ಟು ದೊಡ್ಡ ಗರಗಸ ನಮ್ಮಲ್ಲಿ ಇರಲಿಲ್ಲ. ಕಲ್ಲನ್ನು ಕ್ಯಾನ್ವಾಸ್ ಚೀಲದಲ್ಲಿಟ್ಟು, ತೊಡೆಯ ಮೇಲೆ ಇರಿಸಿಕೊಂಡು, ಬಸ್ಸಿನಲ್ಲಿ ಹ್ಯೂಸ್ಟನ್‌ಗೆ ಹೋದೆ. ಅಲ್ಲಿ ಒಂದು ತೈಲ ಕಂಪನಿಯ ಪ್ರಯೋಗಾಲಯದಲ್ಲಿ ಪ್ರೊಫೆಸರ ಹಳೆಯ ವಿದ್ಯಾರ್ಥಿಯೊಬ್ಬರು ಕೊಯ್ದುಕೊಟ್ಟರು. ಗರಗಸದ ನೀರಿನಲ್ಲಿ ಮಸಿ ತೊಳೆದುಹೋಯಿತು. ಬಾಣ ಉಳಿಯಿತು. ಕೊಯ್ದ ಮುಖದಲ್ಲಿ ಹದಿನೇಳು ಗೆರೆಗಳು ಸ್ಪಷ್ಟವಾಗಿದ್ದವು. ಬಿಲ ಬಾಣದ ತುದಿಯ ಕಡೆಗಿತ್ತು.

ಪ್ರೊಫೆಸರ್ ಹಿಗ್ಗಿದರು. ಬಿರುಗಾಳಿ ಕೆಸರು ತಂದು ಸುರಿದಿದೆ, ಪ್ರಾಣಿ ಹದಿನೇಳು ಸಲ ಮೇಲಕ್ಕೆ ಸರಿದು ಬದುಕಿಕೊಂಡಿದೆ. ಹೀಗೆಂದು ನಾನು ಬರೆದೆ, ಅವರು ಒಪ್ಪಿದರು. ವಸಂತದಲ್ಲಿ ಡಲ್ಲಾಸ್‌ನಲ್ಲಿ ನಡೆಯುವ ಭೂವಿಜ್ಞಾನಿಗಳ ಸಭೆಯಲ್ಲಿ ಭಾಷಣಕ್ಕೆ ನನಗೆ ಹದಿನೈದು ನಿಮಿಷ ಸಿಕ್ಕಿತು. ಪಿಎಚ್‌ಡಿಗೆ ಅವರ ಬಳಿ ಇದ್ದದ್ದು ಒಂದು ಜಾಗ, ಕೇಳುತ್ತಿದ್ದವರು ನಾವು ಇಬ್ಬರು. ನಿನ್ನ ಭಾಷಣ ಕೇಳಿ ತೀರ್ಮಾನಿಸುತ್ತೇನೆ ಎಂದರು. ಸಿಗದಿದ್ದರೆ ಜೂನ್‌ನಲ್ಲಿ ನಾನು ಊರಿಗೆ ಹೊರಡಬೇಕಾಗಿತ್ತು.

ಸಭೆಯ ಹಿಂದಿನ ದಿನ ಡಾಕ್ಟರ ಮನೆಯಲ್ಲೇ ಇಳಿದುಕೊಂಡೆ. ಕಲ್ಲಿನ ಫೋಟೋ ಇದ್ದ, ಬಾಣವೂ ಕಾಣುತ್ತಿದ್ದ ಸ್ಲೈಡನ್ನು ಊಟದ ಮೇಜಿನ ದೀಪಕ್ಕೆ ಹಿಡಿದು, ಇದು ನೀವು ಒಲೆಗೆ ಇಟ್ಟ ಕಲ್ಲು ಎಂದು ತೋರಿಸಿದೆ. ಅದುವರೆಗೆ ಅವರಿಗೆ ಹೇಳಿರಲಿಲ್ಲ.

"ಅಯ್ಯ ಶಿವನ! ಮೊದಲ ಹೇಳಬಾರದೇನ್ರಿ? ನಾ ಇದರ ಮ್ಯಾಲೆ ಉಪ್ಪಿಟ್ಟು ತಿರುವೇನಲ್ಲ!"

"ಸತ್ತು ಕೋಟಿ ವರ್ಷ ಆದ ಪೇಶಂಟ್‌ಗೂ ಇಕಿ ಬಿಸಿ ಮುಟ್ಟಿಸ್ಯಾಳ," ಎಂದರು ಡಾಕ್ಟರು.

"ನೀವು ಸುಮ್ಮನಿರ್ರಿ. ಆದ್ರ ಈ ಕಲ್ಲಿನ ಉಪಕಾರ ಮರೆಯಂಗಿಲ್ಲ ನಾ. ಮೊದಲ ಹೆಂಗಿತ್ತೋ ಹಂಗ ಇಟ್ಟೆ, ಪಾತೇಲಿ ವಾಲಾಡಾಕ ಹತ್ತಿತು. ಬುಡ ಮ್ಯಾಲ ಮಾಡಿ ಇಟ್ಟೆ ನೋಡ್ರಿ, ಗಟ್ಟಿ ಕೂತ್ತು."

ನಾನು ಸ್ಲೈಡ್ ಕೆಳಗಿಟ್ಟೆ.

"ಮೇಲೆ ಬಂದಿದ್ದು ಯಾವ ಕಡೆ? ನುಣ್ಣಗಿತ್ತಲ್ಲ, ಅದಾ?"

"ನುಣ್ಣಂದ ರೀ. ಪಾತೇಲಿ ಕೂಡಬೇಕಲ್ಲ. ಯಾಕ್ರೀ, ಏನರ ತಪ್ಪಾತೇನು?"

"ಇಲ್ಲ. ತಪ್ಪು ನಂದು."

"ಮಾರಿ ನೋಡ್ರಿ ಇವರದು. ಇನ್ನೊಂದು ಚಪಾತಿ ಹಾಕ್ತೀನಿ."

ಆ ಚಪಾತಿ ತಿಂದು, ಕೋಣೆಗೆ ಹೋಗಿ ಹಳ್ಳದ ನೋಟ್‌ಬುಕ್ ತೆರೆದೆ. ಹಾರೆ ಹಾಕುವ ಮೊದಲು ಬರೆದ ಒಂದು ಸಾಲು ಅಲ್ಲಿತ್ತು: 'ಮೇಲ್ಮೈ ಒರಟು, ನೀರು ತಿಂದದ್ದು.' ನುಣುಪಾದದ್ದು ತಳ. ನಾನೇ ಹಾರೆಯಿಂದ ಪದರಕ್ಕೆ ಸರಿಯಾಗಿ ಬಿಡಿಸಿದ ಕಡೆ. ಆರು ತಿಂಗಳು ಆ ನೋಟ್‌ಬುಕ್ ನನ್ನ ಮೇಜಿನ ಮೇಲೇ ಇತ್ತು. ಗೆರೆಗಳನ್ನು ಎಷ್ಟೋ ಸಲ ಎಣಿಸಿದ್ದೆ, ಆ ಸಾಲನ್ನು ಒಮ್ಮೆಯೂ ಮತ್ತೆ ಓದಿರಲಿಲ್ಲ. ಮೇಲಕ್ಕೆ ಹತ್ತಿ ಬದುಕಿಕೊಂಡ ಪ್ರಾಣಿ ನನಗೆ ಇಷ್ಟವಾಗಿತ್ತು. ಮಸಿ ಹೇಳಿದ್ದು ನಿಜವೇ: ಪಾತ್ರೆ ಕೂತದ್ದು ಆ ಕಡೆ. ಆ ಕಡೆಯೇ ಕಡಲಿನಲ್ಲೂ ಮೇಲಿತ್ತು ಎಂದು ಮಸಿ ಹೇಳಿರಲಿಲ್ಲ, ನಾನು ಹೇಳಿದ್ದೆ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಸಿ ಹೋಗಿತ್ತು, ಆ ಪದರವನ್ನು ಚಳಿಗಾಲದ ಪ್ರವಾಹ ಜಲ್ಲಿಯಲ್ಲಿ ಮುಚ್ಚಿತ್ತು. ಇದನ್ನು ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಾಸಿಗೆಯ ಅಂಚಿನಲ್ಲಿ ಕೂತು ಸ್ಲೈಡನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ತಲೆಕೆಳಗು ಮಾಡಿದ ಮೇಲೂ ಅದು ಒಳ್ಳೆಯ ಜಾಡೇ ಆಗಿತ್ತು. ಬಿರುಗಾಳಿ ಇರಲಿಲ್ಲ, ಓಟ ಇರಲಿಲ್ಲ. ಒಂದು ಪ್ರಾಣಿ ಹದಿನೇಳು ಸಲ ಸ್ವಲ್ಪ ಸ್ವಲ್ಪವೇ ಕೆಳಗಿಳಿದಿತ್ತು.

ಮರುದಿನ ಬೆಳಿಗ್ಗೆ ಆರೂವರೆಗೆ ಪ್ರೊಫೆಸರ ಹೋಟೆಲಿಗೆ ಫೋನ್ ಮಾಡಿ, ಬಾಣದ ವಿಷಯ, ಒಲೆಯ ವಿಷಯ, ನೋಟ್‌ಬುಕ್‌ನ ಸಾಲು ಎಲ್ಲ ಹೇಳಿದೆ. 

"ಉಪ್ಪಿಟ್ಟು ಅಂದರೆ ಏನು?" ಎಂದು ಕೇಳಿದರು. ಹೇಳಿದೆ.

"ನಿನ್ನ ಸರದಿ ಒಂಬತ್ತು ನಲವತ್ತಕ್ಕೆ," ಎಂದು ಫೋನ್ ಇಟ್ಟರು. ಪಿಎಚ್‌ಡಿಯ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸ್ನಾನ ಮಾಡಿ ಸೀರೆ ಉಟ್ಟೆ. ಭಾಷಣದ ಕೊನೆಯ ಎರಡು ಹಾಳೆ ತೆಗೆದುಹಾಕಿದೆ. ಡಾಕ್ಟರು ನನ್ನನ್ನು ಸಭೆಯ ಬಾಗಿಲಲ್ಲಿ ಇಳಿಸಿ ಆಸ್ಪತ್ರೆಗೆ ಹೋದರು. ಪ್ರೊಜೆಕ್ಟರ್ ಟ್ರೇಯಲ್ಲಿದ್ದ ಸ್ಲೈಡನ್ನು ನಾನೇ ತೆಗೆದು, ತಿರುಗಿಸಿ, ಮತ್ತೆ ಹಾಕಿದೆ. ಒಂಬತ್ತು ನಲವತ್ತಕ್ಕೆ ಎದ್ದು ನಿಂತು, ಪರದೆಯ ಮೇಲಿನ ಬಾಣವನ್ನು ಕಡ್ಡಿಯಿಂದ ತೋರಿಸಿ, ಇದನ್ನು ಬರೆದದ್ದು ನಾನು, ಇದು ತಪ್ಪು ದಿಕ್ಕಿಗಿದೆ ಎಂದು ಶುರುಮಾಡಿದೆ.