ನೀಲವ್ವನ ಒಲೆ

ನೀಲವ್ವ, ನಿನ್ನ ಒಲೆಯ ತಪ್ಪೇನೂ ಇರಲಿಲ್ಲ. ನಿನ್ನ ಕಣ್ಣು ಉರಿಸಿದ್ದು, ಉಸಿರು ಕಟ್ಟಿಸಿದ್ದು ನಮ್ಮ ಕೋಳಿ ಶೆಡ್ಡಿನ ಗಾಳಿ. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೇ ಸುಳ್ಳು ಹೇಳಿದೆ.

ಎಂಬತ್ತರ ದಶಕದ ನಡುವಿನ ಮಾತು. ಹಿಟ್ನಾಳದ ಹೊರಗೆ, ನಿನ್ನ ಹಿತ್ತಲಿಗೆ ಅಂಟಿಕೊಂಡೇ ಆ ದೊಡ್ಡ ಶೆಡ್ಡುಗಳು ಎದ್ದಾಗ ನಾನು ಅಲ್ಲಿ ಸೂಪರ್‌ವೈಸರ್ ಆದೆ. ಹೊಲದ ಕೆಲಸ ತಪ್ಪಿತು, ಪ್ಯಾಂಟು ಬಂತು, ಜೊತೆಗೆ ಸ್ವಲ್ಪ ಕೊಬ್ಬೂ ಬಂತು. ಗಂಗಾವತಿಯ ಗಿರಣಿಗಳಿಂದ ಭತ್ತದ ಹೊಟ್ಟು ತರಿಸಿ ಕೋಳಿಗಳ ಕೆಳಗೆ ಹಾಸುತ್ತಿದ್ದೆವು. ಹಿಕ್ಕೆ ಬಿದ್ದು, ನೀರು ಸೋರಿ ಅದು ನೆನೆದರೆ ಏಳುವ ಘಾಟಿಗೆ ಆಳುಗಳು ಮೂಗಿಗೆ ಟವೆಲ್ ಕಟ್ಟಿಕೊಂಡೇ ಒಳಗೆ ಹೋಗುತ್ತಿದ್ದರು. ನಾನೂ ಕಟ್ಟಿಕೊಳ್ಳುತ್ತಿದ್ದೆ.

ಊರವರು ದೂರು ಕೊಟ್ಟರು. ತಾಲೂಕಿನಿಂದ ಸಾಹೇಬರು ಬಂದರು. ಗಾಳಿ ಕೆಡಿಸುವವರ ಮೇಲೆ ಕಾಯ್ದೆ ಬಂದಿದೆ, ಶೆಡ್ಡಿನಿಂದ ಏನು ಹೊರಬರುತ್ತದೋ ಅದನ್ನು ನೀವೇ ಒಪ್ಪಿ ಹೇಳಬೇಕು, ತೊಂದರೆ ನಿಜವಾದರೆ ಶೆಡ್ಡು ಎತ್ತಬೇಕಾದೀತು ಎಂದರು. ಹಿಂದಿನ ದಿನವೇ ನಾವು ಹಳೆಯ ಹೊಟ್ಟು ಬಳಿದು ಹೊಸದು ಹಾಸಿದ್ದೆವು, ಅಂದು ಘಾಟು ಇರಲಿಲ್ಲ. ಆದರೆ ನೀನು ಬಂದು ನಿಂತೆ.

"ಕಣ್ಣು ಉರೀತಾವ್ರಿ ಸಾಹೇಬ್ರ. ಉಸುರು ಹಿಡೀತೈತಿ" ಎಂದು ನೀನು ಹೇಳಿದೆ. ಸಾಹೇಬರು ನನ್ನ ಕಡೆ ನೋಡಿದರು.

"ಅದು ಆಕಿ ಒಲಿ ಹೊಗಿರಿ. ಮನಿಗೆ ಕಿಟಕಿ ಇಲ್ಲ. ನಮ್ಮ ಶೆಡ್ಡಿಂದ ಏನೂ ಬರೂದಿಲ್ರಿ" ಎಂದು ನಾನು ಹೇಳಿದೆ.

ಅವರು ನಂಬಿದರು. ನಾನು ಬಯಸಿದ್ದೂ ಅದನ್ನೇ. ಆದರೆ ನೀನೂ ನಂಬಿಬಿಡುತ್ತೀ ಎಂದು — ಅದನ್ನು ನಾನು ಎಣಿಸಿರಲಿಲ್ಲ. ನಾಲ್ಕಕ್ಷರ ಕಲಿತವನ ಮಾತು ಎಂದು ನೀನು ಒಳಗಿನ ಒಲೆ ಕಿತ್ತು ಹಿತ್ತಲಲ್ಲಿ ಹೂಡಿಕೊಂಡೆ. ಹಿತ್ತಲೆಂದರೆ ಶೆಡ್ಡಿಗೆ ಇನ್ನೂ ಹತ್ತಿರ. ನಿನ್ನ ಕೆಮ್ಮು ಹೆಚ್ಚಾಯಿತು.

ಒಂದು ದಿನ ಬೇಲಿಯ ಹತ್ತಿರ ನನ್ನನ್ನು ಕರೆದೆ. "ನೀ ಹೇಳಿದಂಗ ಹೊರಗ ಹಾಕೀನಿ ತಮ್ಮಾ, ಆದ್ರೂ ಕಡಿಮಿ ಆಗವಲ್ದು. ಎಲ್ಲಿ ತಪ್ಪೀನಿ, ಒಂದೀಟು ನೋಡಿ ಹೇಳು."

ಆಗಲಾದರೂ ಹೇಳಬಹುದಿತ್ತು. ಅಲ್ಲಿ ನಾವಿಬ್ಬರೇ ಇದ್ದೆವು, ಸಾಹೇಬರಿರಲಿಲ್ಲ, ಮಾಲೀಕರಿರಲಿಲ್ಲ — ಆದರೂ ನಾನು ಕುಕ್ಕರುಗಾಲಲ್ಲಿ ಕೂತು, ಎಲ್ಲ ಬಲ್ಲವನಂತೆ ಒಲೆಯೊಳಗೆ ಕೈಯಾಡಿಸಿ, "ಬಾಯಿ ದೊಡ್ಡದಾಗೈತಿ ಅಕ್ಕಾ, ಸಣ್ಣದು ಮಾಡು" ಎಂದೆ. ನೀನು ಅಂದೇ ಮಣ್ಣು ಕಲಸಿದೆ. ಒಲೆಯೊಳಗೆ ಆಡಿಸಿದ ನನ್ನ ಆ ಕೈಯನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಶೆಡ್ಡುಗಳು ಎಂದೋ ಹೋದವು. ನಿನ್ನ ಉಬ್ಬಸ ಹೋಗಲಿಲ್ಲ. ಮೊನ್ನೆ ನಿನ್ನ ಮನೆಯ ಮುಂದೆ ಹಾದು ಹೋಗುವಾಗ ನೀನು ಏದುಸಿರು ಬಿಡುತ್ತ ಸೊಸೆಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಒಲಿ ಸರಿಯಾಗಿ ಹೂಡಬೇಕವ್ವ. ನನಗ ಗೊತ್ತಾಗಲಿಲ್ಲ, ನನ್ನ ಎದಿ ನಾನ ಕೆಡಿಸ್ಕೊಂಡೆ."

ನಾನು ತಲೆ ತಗ್ಗಿಸಿ ಮುಂದೆ ನಡೆದೆ.

ಇದನ್ನು ಓದಲು ನಿನಗೆ ಬರುವುದಿಲ್ಲ. ಬೇರೆಯವರ ಬಾಯಿಂದ ನೀನು ಕೇಳುವುದೂ ಬೇಡ. ನಾಳೆ ನಾನೇ ಬರುತ್ತೇನೆ. ನೀನು ಬೈದರೆ ಬೈ, ಬಾಗಿಲು ಹಾಕಿದರೆ ಹಾಕು — ನಿನ್ನ ಸೊಸೆಯ ಎದುರಿಗೆ, ಅವಳಿಗೂ ಕೇಳುವಂತೆ, ಅಂದು ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ.

"ನೀ ಎಲ್ಲೂ ತಪ್ಪಿದ್ದಿಲ್ಲ ಅಕ್ಕಾ."