ಉಪ್ಪಣ್ಣನ ಬಂಡೆ

ಉದ್ಯಾನದ ಗೇಟಿನಲ್ಲಿ ಬೆಳಿಗ್ಗೆ ಚೀಟಿ ಪಡೆದು ಹೊರಟರೆ ಮೇಲಿನ ತಂಗುಮನೆ ಸೇರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಮೊದಲು ಸೂಜಿಯೆಲೆಯ ಮರಗಳ ನೆರಳು, ಆಮೇಲೆ ಮೊಣಕಾಲೆತ್ತರದ ಪೊದೆ, ಕೊನೆಗೆ ಬರೀ ಕಲ್ಲು ಮತ್ತು ಗಾಳಿ. ಆ ಕಲ್ಲುಗಳ ನಡುವೆ ತಗಡಿನ ಮಾಡು ಹೊದ್ದು ಕೂತಿದ್ದ ಕಟ್ಟಡಕ್ಕೆ ಎರಡು ಕೋಣೆ, ಒಂದು ಅಡುಗೆಮನೆ. ಚಾರಣಿಗರೆಲ್ಲ ಅಲ್ಲಿಯೇ ಮಲಗಬೇಕಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನನ್ನು ಬಂದವರು, ಕರೆತಂದವರು, ಕಡೆಗೆ ಅವನ ಮೇಲಧಿಕಾರಿಗಳೂ ಉಪ್ಪಣ್ಣ ಎಂದೇ ಕರೆಯುತ್ತಿದ್ದರು.

ಪ್ರಾಯದಲ್ಲಿ ಅವನು ಹೇಸರಗತ್ತೆ ಹೊಡೆಯುತ್ತಿದ್ದ. ಆ ಕಟ್ಟಡದ ಸಿಮೆಂಟು, ತಗಡು, ಕಿಟಕಿಯ ಗಾಜು ಎಲ್ಲವೂ ಅವನ ಪ್ರಾಣಿಗಳ ಬೆನ್ನ ಮೇಲೆಯೇ ಏರಿದ್ದವು. ಒಂದು ಮಧ್ಯಾಹ್ನ ಹೇಸರಗತ್ತೆಗಳ ಬೆನ್ನಿನ ಗಾದಿಗಳನ್ನು ಬಿಚ್ಚಿ, ಒಂದು ಚಪ್ಪಟೆ ಬಂಡೆಯ ಮೇಲೆ ಒಣಗಲು ಹರಡಿ, ನೀರಿಗೆಂದು ಹೋದನಂತೆ. ತಿರುಗಿ ಬಂದಾಗ ಕಾಡಾಡುಗಳ ಹಿಂಡೊಂದು ಆ ಗಾದಿಗಳನ್ನು ನೆಕ್ಕುತ್ತಿತ್ತು. ಬೆವರಿನ ಉಪ್ಪಿಗಾಗಿ ಅವು ಮನುಷ್ಯನ ಭಯವನ್ನೂ ಬಿಟ್ಟಿದ್ದವು. ಮುಂದಿನ ಸಲ ಬರುವಾಗ ಅವನು ಒಂದು ಚೀಲ ಕಲ್ಲುಪ್ಪು ತಂದ. ಕಟ್ಟಡ ಮುಗಿದು ಉಳಿದವರೆಲ್ಲ ಇಳಿದುಹೋದರು. ಇವನು ಕಾವಲಿಗೆಂದು ಉಳಿದ.

"ಕೆಳಗೆ ನನ್ನನ್ನ ನೋಡಿ ಓಡಿಬರೋರು ಯಾರಿದ್ರು ಮೇಷ್ಟ್ರೇ?" ಎಂದು ಅವನು ಒಮ್ಮೆ ನನ್ನನ್ನು ಕೇಳಿದಾಗ ಅವನ ಹೆಂಡತಿ ಒಲೆಯ ಮುಂದಿನಿಂದಲೇ ಅಂದಿದ್ದಳು: "ನಾನೊಬ್ಬಳು ಓಡಿಬಂದೆ. ಅದಕ್ಕೇ ಇಲ್ಲಿ ಪಾತ್ರೆ ಉಜ್ಜುತಾ ಇದ್ದೀನಿ."

ಬಿಸಿಲು ಎದುರಿನ ಬೆಟ್ಟದ ಏಣಿನಿಂದ ಜಾರುವ ಹೊತ್ತಿಗೆ ಅವನು ಬೇಲಿಯ ಹೊರಗೆ ಹೋಗಿ ನಿಲ್ಲುತ್ತಿದ್ದ. ಸಿಳ್ಳೆಯಿಲ್ಲ, ಕೂಗಿಲ್ಲ. ಉಪ್ಪಿನ ಹೆಂಟೆಯೊಂದನ್ನು ಕೈ ಬೀಸಿ ಆ ಚಪ್ಪಟೆ ಬಂಡೆಯತ್ತ ಎಸೆಯುತ್ತಿದ್ದ. ಅದು ಟಣ್ಣೆಂದು ಬಿದ್ದು ಚೂರಾಗುವ ಸದ್ದಿಗೆ ಬಿರುಕುಗಳಿಂದ, ಬೆಟ್ಟದ ಕಡಿದಾದ ಗೋಡೆಗಳಿಂದ ಅವು ಇಳಿದು ಬರುತ್ತಿದ್ದವು. ಮುಂದಾಳು ಕಿವಿ ಹರಿದ ಒಂದು ಮುದಿ ಹೆಣ್ಣು. ಎಲ್ಲರಿಗೂ ಬಡಿಸಿ, ಎಲ್ಲರೊಡನೆ ಜಗಳವಾಡಿ, ಕೊನೆಗೆ ತಾನು ತಿನ್ನುತ್ತಿದ್ದುದರಿಂದ ಉಪ್ಪಣ್ಣ ಅದಕ್ಕೆ ಹಿರಿಸೊಸೆ ಎಂದು ಹೆಸರಿಟ್ಟಿದ್ದ. ಚಿರತೆಯ ಆಸೆಯಿಂದ ಅಷ್ಟೆತ್ತರ ಹತ್ತಿ ಅದರ ಹೆಜ್ಜೆಯನ್ನೂ ಕಾಣದ ಚಾರಣಿಗರು ಹಿರಿಸೊಸೆಯ ಚಿತ್ರ ತೆಗೆದುಕೊಂಡು ಸಮಾಧಾನದಿಂದ ಇಳಿಯುತ್ತಿದ್ದರು. ಉದ್ಯಾನದ ಕಚೇರಿಯಲ್ಲಿ ತೂಗುಹಾಕಿದ್ದ ದೊಡ್ಡ ಚಿತ್ರವೂ ಅದರದ್ದೇ.

ಹೆಚ್ಚುಕಡಿಮೆ ಪ್ರತಿವರ್ಷ ನಾನೂ ನನ್ನ ಹೆಂಡತಿಯ ತಮ್ಮನೂ ಹತ್ತಿ ಹೋಗುತ್ತಿದ್ದೆವು. ನನ್ನ ಭಾವಮೈದುನನಿಗೆ ಬಾಯಿ ಸುಮ್ಮನಿರದು. "ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನೆ ಅಂತಾರಲ್ಲ ಉಪ್ಪಣ್ಣ. ವಯಸ್ಸಾದ್ಮೇಲೆ ನಿಮ್ಮನ್ನ ಇವೇ ನೋಡ್ಕೊಳ್ತವೆ ಬಿಡಿ," ಎಂದ ಒಮ್ಮೆ.

"ಮಗಳಿಗಿಂತ ವಾಸಿ," ಎಂದ ಉಪ್ಪಣ್ಣ. "ಅವಳು ಉಪ್ಪೇ ಬಿಡು ಅಂತಾಳೆ."

ಕೆಡುಕು ಹಾಲಿನಿಂದ ಆರಂಭವಾಯಿತು. ಪುಡಿಹಾಲಿನ ಚಹಾ ಗಂಟಲಲ್ಲಿ ಇಳಿಯುವುದಿಲ್ಲವೆಂದು ಬಂದವರೆಲ್ಲ ಮುಖ ಕಿವುಚುತ್ತಿದ್ದರು. ಕೇಳಿ ಕೇಳಿ ಸಾಕಾದ ಹೆಂಡತಿ ಹಾಲು ಕೊಡುವ ಆಡೊಂದನ್ನು ತನ್ನಿರೆಂದಳು. ಅವನು ಕೆಳಗಿನ ಸಂತೆಯಿಂದ ಒಂದನ್ನು ಹಿಡಿದು ತಂದ. ಅದರ ಕಿವಿಯ ಹಿಂದೆ ಒಣಗಿದ ಹಕ್ಕಳೆಯಿತ್ತು. ಗೂಟಕ್ಕೆ ಉಜ್ಜಿಕೊಂಡದ್ದು ಎಂದಿದ್ದ ಮಾರಿದವನು. ಎಣ್ಣೆಯಲ್ಲಿ ಗಂಧಕ ಕಲಸಿ ಹಚ್ಚಿದ ಮೇಲೆ ಅಲ್ಲಿ ಕೂದಲೂ ಬಂತು. ಸಂಜೆ ಅದನ್ನು ಬಂಡೆಯ ಬಳಿಯೇ ಕಟ್ಟುತ್ತಿದ್ದ. ಕಾಡಿನವು ಊರಿನದನ್ನು ಹೊಡೆಯದೆ ಪಕ್ಕಕ್ಕೆ ಸೇರಿಸಿಕೊಂಡದ್ದು ಅವನಿಗೆ ದೊಡ್ಡ ಹೆಮ್ಮೆ.

ಮರುವರ್ಷ, ಚಳಿ ಹತ್ತಿರವಾಗುವ ದಿನಗಳಲ್ಲಿ, ನಾವು ಹೋದಾಗ ಚಹಾ ನಿಜಕ್ಕೂ ಚೆನ್ನಾಗಿತ್ತು. ಭಾವಮೈದುನ ಎರಡನೆಯ ಲೋಟಕ್ಕೆ ಕೈ ಚಾಚುವಾಗ, ಅದೇ ಮೇಜಿನ ಆಚೆ ತುದಿಯಲ್ಲಿ ಉದ್ಯಾನದ ಪಶುವೈದ್ಯೆ ಗಾಜಿನ ಪಟ್ಟಿಗಳ ಮೇಲೆ ಚರ್ಮದ ಪುಡಿಯನ್ನಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಹೊರಗೆ ಬಂಡೆಯ ಬಳಿ ನಿಂತಿದ್ದವು ಹಿಂದಿನ ಹಿಂಡಿನ ಅರ್ಧಕ್ಕೂ ಕಡಿಮೆ. ಅವು ಉಪ್ಪು ನೆಕ್ಕುವುದನ್ನು ನಡುನಡುವೆ ನಿಲ್ಲಿಸಿ ಕಲ್ಲಿಗೆ ಮೈ ತಿಕ್ಕುತ್ತಿದ್ದವು. ಹಿರಿಸೊಸೆಯ ಕತ್ತಿನಿಂದ ಭುಜದವರೆಗೆ ಕೂದಲೇ ಇರಲಿಲ್ಲ; ಚರ್ಮ ಬಿರಿದ ಕೆಸರಿನಂತೆ ಕಾಣುತ್ತಿತ್ತು.

"ನಿಮ್ಮ ಆಡಿಗೆ ಕಜ್ಜಿ ಇತ್ತಾ ಉಪ್ಪಣ್ಣ?" ಎಂದು ಕೇಳಿದರು ವೈದ್ಯೆ.

"ಸ್ವಲ್ಪ ಇತ್ತು ಡಾಕ್ಟ್ರಮ್ಮ. ಗಂಧಕ ಹಚ್ಚಿದೆ. ವಾಸಿಯಾಯ್ತು."

"ಮೇಲೆ ವಾಸಿಯಾಗಿದೆ. ಬಂಡೆ ಹತ್ರ ಕಟ್ತಿದ್ರಾ?"

"ಅದಕ್ಕೂ ಉಪ್ಪು ಬೇಕಲ್ಲಮ್ಮ."

ಅವರು ಗದರಲಿಲ್ಲ. ಗದರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಚರ್ಮದೊಳಗೆ ಬಿಲ ತೋಡುವ, ಕಣ್ಣಿಗೆ ಕಾಣದ ಹುಳುವಿನ ವಿಷಯವನ್ನು ಮೆಲ್ಲಗೆ ತಿಳಿಸಿದರು. ಸಾಕಿದ ಆಡುಗಳು ಅದರೊಡನೆ ಹೇಗೋ ಬಾಳುತ್ತವೆ, ಕಾಡಿನವುಗಳ ಮೈಗೆ ಅದರ ಪರಿಚಯವೇ ಇಲ್ಲ. ಮೈಗೆ ಮೈ ತಾಗಿದರೆ ಸಾಕು, ಕೂದಲುದುರಿದ ಮೇಲೆ ಚಳಿಯೇ ಕೊಲ್ಲುತ್ತದೆ. ರೋಗ ತಗಲದ ಕೆಲವು ಇನ್ನೂ ಇರಬಹುದು. ಅವು ಬಂಡೆಗೆ ಬಾರದಿದ್ದರೆ ಈ ಕಣಿವೆಯಲ್ಲಿ ಹಿಂಡು ಉಳಿದೀತು.

"ನಾಳೆಯಿಂದ ಉಪ್ಪು ಹಾಕಲ್ಲ," ಎಂದ ಉಪ್ಪಣ್ಣ.

"ಹಾಕದಿದ್ರೂ ಬರ್ತವೆ. ಇಷ್ಟು ವರ್ಷದ ಉಪ್ಪನ್ನ ಆ ಕಲ್ಲು ಕುಡಿದಿದೆ."

ಮರುದಿನ ಅವನು ಬಂಡೆಯನ್ನು ಕುದಿನೀರಿನಿಂದ ತೊಳೆದು, ಹಳೆಯ ತಾಡಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿದ. ಸಂಜೆ ಅವು ಬಂದು ತಾಡಪಾಲಿನ ಸುತ್ತಲಿನ ಮಣ್ಣನ್ನು ನೆಕ್ಕತೊಡಗಿದವು. ಅವನು ಬೇಲಿಯ ಹೊರಗೆ ಹೋಗಿ, ಒಂದು ಕಲ್ಲನ್ನೆತ್ತಿ, ಅವುಗಳನ್ನು ಓಡಿಸಲೆಂದು ಬೀಸಿ ಎಸೆದ. ಕಲ್ಲು ಟಣ್ಣೆಂದು ಬಿತ್ತು. ಎಲ್ಲವೂ ತಲೆಯೆತ್ತಿದವು. ಎರಡನೆಯ ಕಲ್ಲಿಗೆ, ಮೇಲೆ ಬಿರುಕುಗಳಲ್ಲಿ ಉಳಿದಿದ್ದವೂ ಇಳಿದು ಬಂದವು. ಒಂದು ಕಲ್ಲು ಹಿರಿಸೊಸೆಯ ಪಕ್ಕೆಗೆ ತಗುಲಿತು. ಅದು ತುಸು ಸರಿದು, ತನಗೆ ತಗುಲಿ ಬಿದ್ದ ಆ ಕಲ್ಲನ್ನೇ ಮೂಸಿ, ನೆಕ್ಕಿತು.

ಉಪ್ಪಣ್ಣ ಕೈ ಕೆಳಗಿಳಿಸಿದ. ಒಳಗೆ ಬಂದ.

ಉಳಿದಿದ್ದ ದಾರಿಯನ್ನು ವೈದ್ಯೆ ಹೇಳಿದರು. ರೋಗದವುಗಳನ್ನು ಆರಿಸಿ ಹೊಡೆದುರುಳಿಸಬೇಕು. ಬೇರೆ ಯಾರು ಹೋಗಿ ನಿಂತರೂ ಹಿಂಡು ಬೆಟ್ಟದ ಗೋಡೆ ಹತ್ತಿಬಿಡುತ್ತದೆ. ಆಮೇಲೆ ಯಾವುದಕ್ಕೆ ರೋಗ, ಯಾವುದಕ್ಕಿಲ್ಲ ಎಂದು ನೋಡುವುದೇ ಕಷ್ಟ. ಅವುಗಳನ್ನು ಬಯಲಿಗೆ ಕರೆದು ನಿಲ್ಲಿಸಬಲ್ಲವನು ಒಬ್ಬನೇ.

"ನಾನು ಕರೀಬೇಕು. ನೀವು ಹೊಡೀತೀರಿ," ಎಂದ ಅವನು, ಸರಿಯಾಗಿ ಕೇಳಿಸಿಕೊಂಡೆನೇ ಎಂದು ಖಚಿತಪಡಿಸಿಕೊಳ್ಳುವವನಂತೆ.

"ಬೇಡ ಅಂದ್ರೆ ಬಲವಂತ ಮಾಡಲ್ಲ. ಆದರೆ ಒಂದೂ ಉಳಿಯಲ್ಲ."

ಅವನು ಹೆಂಡತಿಯ ಕಡೆ ನೋಡಿದ. ಅವಳು ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಿದ್ದಳು. "ಉಪ್ಪು ತಿಂದವನು ನೀರು ಕುಡೀಬೇಕು ಅಂತಾರೆ," ಎಂದಳು ತಲೆಯೆತ್ತದೆ. "ತಿನ್ನಿಸಿದವರಿಗೆ ಏನು ಅಂತ ಯಾರೂ ಹೇಳಿಲ್ಲ. ಹೋಗಿ ಬನ್ನಿ ರೀ. ಹಾಲು ಬೇಕು ಅಂದವಳು ನಾನು, ನಾನೂ ಬರ್ತೀನಿ."

ಕೆಳಗಿನಿಂದ ಬಂದೂಕಿನವರು ಬರುವವರೆಗೆ ನಾವೂ ಅಲ್ಲಿಯೇ ಉಳಿದೆವು. ಅವರು ಅಡುಗೆಮನೆಯ ಕಿಟಕಿಯಲ್ಲಿ ಕೂತರು. ವೈದ್ಯೆ ದುರ್ಬೀನು ಹಿಡಿದು ಅವರ ಪಕ್ಕದಲ್ಲಿ ನಿಂತರು. ಗಂಡ ಹೆಂಡತಿ ಬೇಲಿ ದಾಟಿ ಹೋದರು. ತಾಡಪಾಲು ತೆಗೆದಾಗಿತ್ತು. ಆ ಸಂಜೆ ಅವನು ಎಸೆದದ್ದು ಉಪ್ಪನ್ನೇ. ಬರೀ ಕಲ್ಲೇ ಸಾಕೆಂದು ಬಂದೂಕಿನವರು ಹೇಳಿದ್ದರೂ ಅವನು ಒಪ್ಪಿರಲಿಲ್ಲ. ಹಿರಿಸೊಸೆ ಎಂದಿನಂತೆ ಎಲ್ಲವನ್ನೂ ಬಂಡೆಗೆ ಬಿಟ್ಟು ತಾನು ಹೊರಗೆ ನಿಂತಿತು. ಮೊದಲ ಗುಂಡು ಅದಕ್ಕೇ ಬಿತ್ತು. ಉಳಿದವು ತಕ್ಷಣ ಓಡಲಿಲ್ಲ. ತಿರುಗಿ ಉಪ್ಪಣ್ಣನನ್ನು ನೋಡಿದವು. ಆ ಗಳಿಗೆ ಬಂದೂಕಿನವರಿಗೆ ಅನುಕೂಲವಾಯಿತು.

ಸತ್ತವುಗಳನ್ನು ಸುಣ್ಣ ಹಾಕಿ ಹೂಳಿದರು. ಹಾಲಿನ ಆಡನ್ನು ಉಪ್ಪಣ್ಣನೇ ಹಿಡಿದುಕೊಟ್ಟ. ಓಡಿಹೋದವುಗಳಲ್ಲಿ ಕೆಲವು ಆಗಲೇ ಮೈ ಕೆರೆದುಕೊಳ್ಳುತ್ತಿದ್ದವೆಂದು ವೈದ್ಯೆ ನನಗೊಬ್ಬನಿಗೇ ಹೇಳಿದರು. ಅವನಿಗೆ ಹೇಳಿದರೋ ಇಲ್ಲವೋ ನಾನು ಕೇಳಲಿಲ್ಲ.

ಚಳಿಗಾಲಕ್ಕೆ ಮುನ್ನವೇ ತಂಗುಮನೆಗೆ ಬೀಗ ಬಿತ್ತು. ಮೇಲಿನ ಕಣಿವೆಗೆ ಈಗ ಯಾರನ್ನೂ ಬಿಡುವುದಿಲ್ಲ. ಚಾರಣದ ದಾರಿ ಎದುರಿನ ಏಣಿನವರೆಗೆ ಮಾತ್ರ. ಕಳೆದ ಬೇಸಗೆಯಲ್ಲಿ ನಾವಿಬ್ಬರೂ ಅಲ್ಲಿಗೇ ಹೋಗಿ, ಹಗಲೆಲ್ಲ ಸರದಿಯಲ್ಲಿ ದುರ್ಬೀನು ಹಿಡಿದು ಕೂತೆವು. ತಗಡಿನ ಮಾಡು ಕಂಡಿತು. ಬೆಟ್ಟದ ಗೋಡೆಯ ಮೇಲೊಂದು ಕಪ್ಪು ಚುಕ್ಕೆ ಕಂಡು ಭಾವಮೈದುನ "ಅಗೋ ಭಾವ, ಆಡು" ಎಂದ. ಸಂಜೆಯವರೆಗೂ ಅದು ಅಲುಗಲಿಲ್ಲ.

ಇಳಿದ ಮೇಲೆ ಉಪ್ಪಣ್ಣನನ್ನು ನೋಡಲು ಹೋದೆವು. ಗೇಟಿನಾಚೆಯ ಪೇಟೆಯಲ್ಲಿ ಅಳಿಯನ ಟಯರಂಗಡಿಯ ಮೇಲಿನ ಮನೆಯಲ್ಲಿ ಗಂಡ ಹೆಂಡತಿ ಇದ್ದಾರೆ. ಅವನು ಕೆಳಗೆ ಅಂಗಡಿಯಲ್ಲಿ, ಟ್ಯೂಬುಗಳನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಕೈ ಒರೆಸಿಕೊಂಡು ನಮ್ಮನ್ನು ಮೇಲೆ ಕರೆದೊಯ್ದ. ಕಿಟಕಿ ರಸ್ತೆಯ ಕಡೆಗಿತ್ತು. ಅಲ್ಲಿಂದ ಬೆಟ್ಟ ಕಾಣುವುದಿಲ್ಲ. ಬಹಳ ಹೊತ್ತು ಮೊಮ್ಮಗಳ ಶಾಲೆಯ ಸುದ್ದಿ, ಮಂಡಿನೋವಿನ ಸುದ್ದಿ ಮಾತಾಡಿದ ಮೇಲೆ ಅವನು ಕೇಳಿದ:

"ಎದುರಿನ ಏಣಿನ ಹತ್ರ ಹೋಗಿದ್ರಾ ಮೇಷ್ಟ್ರೇ?"

"ಹೋಗಿದ್ವಿ."

"ಏನಾದ್ರೂ ಕಂಡಿತಾ?"

ಭಾವಮೈದುನ ಬಾಯಿ ತೆರೆದ. ನಾನು ಅವನಿಗಿಂತ ಮೊದಲೇ ಹೇಳಿದೆ: "ಇಲ್ಲ ಉಪ್ಪಣ್ಣ. ಏನೂ ಕಾಣಲಿಲ್ಲ."

ಅವನು ರಸ್ತೆಯ ಕಡೆ ತಿರುಗಿದ. "ಒಳ್ಳೇದೇ. ಮನುಷ್ಯರ ಕಣ್ಣಿಗೆ ಬೀಳಬಾರದು ಅಂತ ಕಲಿತಿರಬೇಕು."

"ಇದ್ದರೆ ತಾನೇ ಕಲಿಯೋದು?" ಎಂದಳು ಹೆಂಡತಿ.

ಕೆಳಗಿನಿಂದ ಅಳಿಯ "ಮಾವ, ಲಾರಿ ಬಂತು" ಎಂದು ಕೂಗಿದ. ಉಪ್ಪಣ್ಣ ಮಂಡಿಗೆ ಕೈಯೂರಿ ಎದ್ದ. ಮೆಟ್ಟಿಲಿಳಿಯುವಾಗ ಭಾವಮೈದುನ ಅವನ ತೋಳು ಹಿಡಿಯಲು ಹೋದ. ಬೇಡವೆಂದು ಅವನು ತಲೆಯಾಡಿಸಿದ.